ಲಾಗ್ ರವಾನೆಯ ಉಪಕರಣಗಳ ಚರಿತ್ರೆ: ಜೀರ್ಣೋದ್ಧಾರವೂ ವಿಸರ್ಜನೆಯೂ

೧. ವಿಷಯಪ್ರವೇಶ

ನಡೆದುದನ್ನು ನಡೆದ ಕೂಡಲೆ ಬರೆದಿಡುವ ಪದ್ಧತಿಯು ಮಠ, ಅರಮನೆ, ಅಂಗಡಿ, ಕಚೇರಿ ಮೊದಲಾದ ಎಲ್ಲ ಸಂಸ್ಥೆಗಳಲ್ಲಿಯೂ ಇರುವಂತೆ ಗಣಕಯಂತ್ರಗಳಲ್ಲಿಯೂ ಇದೆ. ಯಂತ್ರದೊಳಗೆ ಯಾರು ಪ್ರವೇಶಿಸಿದರು, ಯಾವ ಕೆಲಸವು ಯಾವ ನಿಮಿಷದಲ್ಲಿ ತೊಡಗಿತು, ಎಲ್ಲಿ ತಡೆಯುಂಟಾಯಿತು ಎಂಬುದನ್ನು ಒಂದೊಂದು ಸಾಲಾಗಿ ಬರೆದಿಡುವ ಈ ದಿನಚರಿಗೆ ಲಾಗ್ ಎಂದು ಹೆಸರು. ಈ ಲಾಗ್ ಹುಟ್ಟಿದ ಯಂತ್ರದಲ್ಲಿಯೇ ಉಳಿದರೆ ಅದರಿಂದ ಪೂರ್ಣ ಪ್ರಯೋಜನವಿಲ್ಲ. ಯಂತ್ರವು ಕೆಟ್ಟು ನಿಂತರೆ ದಿನಚರಿಯೂ ಅದರೊಡನೆ ನಷ್ಟವಾಗಬಹುದು. ಕಳ್ಳನು ಒಳಹೊಕ್ಕರೆ ತನ್ನ ಹೆಜ್ಜೆಗುರುತನ್ನು ತಾನೇ ಅಳಿಸಿ ಹೋಗುವನು. ಆದಕಾರಣ ಪ್ರತಿಯೊಂದು ಸಾಲನ್ನೂ ಬರೆದೊಡನೆಯೇ ದೂರದ ಬೇರೊಂದು ಯಂತ್ರಕ್ಕೆ ಕಳುಹಿಸಿಬಿಡುವ ಏರ್ಪಾಡು ಬಹು ಹಿಂದೆಯೇ ಹುಟ್ಟಿತು. ಈ ಕೆಲಸವನ್ನು ಮಾಡುವ ಪ್ರೋಗ್ರಾಂಗಳೇ ಲಾಗ್ ರವಾನೆಯ ಉಪಕರಣಗಳು.

ಇವುಗಳಲ್ಲಿ ಮುಖ್ಯವಾದುವು ಮುಕ್ತ ತಂತ್ರಾಂಶಗಳು. ಎಂದರೆ ಅವುಗಳ ಮೂಲಪಾಠವು ಎಲ್ಲರ ಕಣ್ಣಿಗೂ ತೆರೆದಿದೆ. ಬೇಕಾದವರು ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಆದರೆ ಎಲ್ಲರಿಗೂ ಸೇರಿದ ಕೆರೆಯ ಹೂಳನ್ನು ತೆಗೆಯುವ ಹೊಣೆ ಯಾರದೆಂಬ ಪ್ರಶ್ನೆ ಎಲ್ಲ ಊರುಗಳಲ್ಲಿಯೂ ಏಳುವಂತೆ ಇಲ್ಲಿಯೂ ಎದ್ದಿದೆ. ಪಾಲಕನಿಲ್ಲದೆ ಉಳಿದ ಹಳೆಯ ಉಪಕರಣವನ್ನು ಜೀರ್ಣೋದ್ಧಾರ ಮಾಡಬೇಕೋ, ಕ್ರಮವಾಗಿ ವಿಸರ್ಜಿಸಬೇಕೋ? ಈ ಉಪಕರಣಗಳ ನಾಲ್ವತ್ತು ವರ್ಷಗಳ ಚರಿತ್ರೆಯನ್ನು ಪರಿಶೀಲಿಸಿ ಈ ಪ್ರಶ್ನೆಗೆ ಉತ್ತರವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಉತ್ಪತ್ತಿ

ಈ ಪರಂಪರೆಯ ಮೂಲಪುರುಷನು ಎರಿಕ್ ಆಲ್‌ಮನ್. ಅಮೆರಿಕದ ಬರ್ಕ್‌ಲಿ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಆತನು ಸೆಂಡ್‌ಮೇಲ್ ಎಂಬ ಅಂಚೆಯ ಪ್ರೋಗ್ರಾಂ ಅನ್ನು ರಚಿಸಿದಾಗ, ಅದರ ಆಗುಹೋಗುಗಳನ್ನು ಬರೆದಿಡುವುದಕ್ಕಾಗಿ ಸಿಸ್‌ಲಾಗ್ ಎಂಬುದನ್ನು ಅಂಗವಾಗಿ ಕಲ್ಪಿಸಿದನು. ೧೯೮೩ರಲ್ಲಿ ಹೊರಬಂದ ೪.೨ ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿಯಲ್ಲಿ ಸಿಸ್‌ಲಾಗ್ ಕಾಣಿಸಿಕೊಂಡಿತು. ಸಂದೇಶಗಳನ್ನು ಸದಾ ಕಾದುಕುಳಿತು ಸ್ವೀಕರಿಸುವ ಸಿಸ್‌ಲಾಗ್‌ಡಿ ಎಂಬ ಸೇವಕ ಪ್ರೋಗ್ರಾಂ ೧೯೮೬ರ ೪.೩ ಬಿಎಸ್‌ಡಿಯಲ್ಲಿ ಪ್ರಸಿದ್ಧಿಗೆ ಬಂದಿತು. ಅಂಚೆಗಾಗಿ ಹುಟ್ಟಿದ ಅಂಗವು ಅಂಗಿಯನ್ನು ಮೀರಿ ಬೆಳೆದು, ಯಂತ್ರದ ಎಲ್ಲ ವಿಭಾಗಗಳಿಗೂ ಲೇಖಕನಾಯಿತು.

ಇದರ ಕ್ರಮ ಅತ್ಯಂತ ಸರಳ. ಪ್ರತಿಯೊಂದು ಸಂದೇಶದ ತಲೆಯಲ್ಲಿ ಒಂದು ಸಂಖ್ಯೆಯಿರುವುದು. ಸಂದೇಶವು ಯಾವ ವಿಭಾಗದಿಂದ ಬಂದಿತೆಂಬುದನ್ನು ೦ಯಿಂದ ೨೩ರವರೆಗಿನ ಒಂದು ಅಂಕವೂ, ಅದರ ತೀವ್ರತೆ ಎಷ್ಟೆಂಬುದನ್ನು ೦ಯಿಂದ ೭ರವರೆಗಿನ ಇನ್ನೊಂದು ಅಂಕವೂ ತಿಳಿಸುತ್ತವೆ. ವಿಭಾಗದ ಅಂಕವನ್ನು ಎಂಟರಿಂದ ಗುಣಿಸಿ ತೀವ್ರತೆಯ ಅಂಕವನ್ನು ಕೂಡಿಸಿದರೆ ತಲೆಸಂಖ್ಯೆ ದೊರೆಯುವುದು. ಅಂಚೆಯ ವಿಭಾಗಕ್ಕೆ ೨, ಸಾಧಾರಣ ದೋಷಕ್ಕೆ ೩; ಆದಕಾರಣ ಅಂಚೆಯ ದೋಷಸಂದೇಶದ ತಲೆಸಂಖ್ಯೆ ೧೯. ಈ ಕ್ರಮದಲ್ಲಿ ಬರಬಹುದಾದ ಅತ್ಯಧಿಕ ಸಂಖ್ಯೆ ೧೯೧ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಕ್ತಿ ಬರುತ್ತದೆ.

ಈ ವಿಭಾಗಗಳ ಪಟ್ಟಿಯಲ್ಲಿ ೮ನೆಯದು ಯುಯುಸಿಪಿ ಎಂಬುದಕ್ಕೆ ಮೀಸಲು. ಟೆಲಿಫೋನ್ ತಂತಿಯ ಮೂಲಕ ಯಂತ್ರದಿಂದ ಯಂತ್ರಕ್ಕೆ ಕಡತಗಳನ್ನು ಸಾಗಿಸುತ್ತಿದ್ದ ಆ ಪದ್ಧತಿಯು ಬಳಕೆ ತಪ್ಪಿ ದಶಕಗಳೇ ಕಳೆದುವು. ಅದರ ಅಂಕ ಮಾತ್ರ ಇಂದಿಗೂ ಪಟ್ಟಿಯಲ್ಲಿ ನಿಂತಿದೆ. ಅರ್ಥ ಮರೆತುಹೋದ ಮೇಲೆಯೂ ಶಬ್ದವು ನಿಘಂಟಿನಲ್ಲಿ ಉಳಿಯುವುದಕ್ಕೆ ಇದು ಸಮಾನ.

ದೂರದ ಯಂತ್ರಕ್ಕೆ ಸಂದೇಶವನ್ನು ಕಳುಹಿಸುವಾಗ ಸಿಸ್‌ಲಾಗ್ ಯುಡಿಪಿ ಎಂಬ ಮಾರ್ಗವನ್ನೂ ೫೧೪ ಎಂಬ ದ್ವಾರಸಂಖ್ಯೆಯನ್ನೂ ಹಿಡಿಯಿತು. ಈ ಮಾರ್ಗದಲ್ಲಿ ಕಳುಹಿಸಿದವನಿಗೆ ಮುಟ್ಟಿದುದಕ್ಕೆ ರಸೀದಿ ಬಾರದು. ಸಂದೇಶವು ದಾರಿಯಲ್ಲಿ ಬಿದ್ದುಹೋದರೆ ಕಳುಹಿಸಿದವನಿಗೂ ತಿಳಿಯದು, ಕಾದವನಿಗೂ ತಿಳಿಯದು. ಕಳುಹಿಸಿದವನು ಇಂತಹವನೇ ಎಂಬುದಕ್ಕೆ ಪ್ರಮಾಣವೂ ಇಲ್ಲ. ಪರಸ್ಪರ ಪರಿಚಿತರಾದ ವಿದ್ವಾಂಸರ ಕೆಲವೇ ಯಂತ್ರಗಳಿದ್ದ ಕಾಲದಲ್ಲಿ ಇಷ್ಟೇ ಸಾಕಾಗಿತ್ತು.

೩. ಲಕ್ಷ್ಯವೂ ಲಕ್ಷಣವೂ

ಪ್ರಯೋಗವು ಮೊದಲು, ವ್ಯಾಕರಣವು ತರುವಾಯ ಎಂಬುದು ಶಾಸ್ತ್ರಜ್ಞರ ಮತ. ಸಿಸ್‌ಲಾಗಿನ ವಿಷಯದಲ್ಲಿ ಇದು ಅಕ್ಷರಶಃ ಸತ್ಯವಾಯಿತು. ಪ್ರಯೋಗವು ಹುಟ್ಟಿ ಹದಿನೆಂಟು ವರ್ಷಗಳಾದ ಮೇಲೆ, ೨೦೦೧ರ ಆಗಸ್ಟ್ ತಿಂಗಳಲ್ಲಿ, ಆರ್‌ಎಫ್‌ಸಿ ೩೧೬೪ ಎಂಬ ಲಕ್ಷಣಪತ್ರವು ಪ್ರಕಟವಾಯಿತು. ಇದು ಹೀಗಿರಬೇಕೆಂದು ವಿಧಿಸಿದುದಲ್ಲ, ಹೀಗಿರುವುದೆಂದು ವರ್ಣಿಸಿದುದು ಮಾತ್ರ. ಆ ರೂಪದಲ್ಲಿ ಸಂದೇಶದ ಕಾಲವನ್ನು ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳಿಂದ ಹೇಳಿ ವರ್ಷವನ್ನು ಬಿಟ್ಟಿರುವುದು. ತಿಥಿ ವಾರಗಳನ್ನು ಹೇಳಿ ಸಂವತ್ಸರವನ್ನು ಬಿಟ್ಟ ಶಾಸನವನ್ನು ಓದುವವನಿಗೆ ಎಷ್ಟು ತೊಡಕೋ, ಹಳೆಯ ಲಾಗ್‌ಗಳನ್ನು ಒಟ್ಟುಗೂಡಿಸಿ ಓದುವವನಿಗೆ ಅಷ್ಟೇ ತೊಡಕು. ಯಾವ ದೇಶದ ಗಡಿಯಾರವೆಂಬುದೂ ಅದರಲ್ಲಿಲ್ಲ.

ಅದೇ ವರ್ಷದ ನವೆಂಬರ್ ತಿಂಗಳಲ್ಲಿ, ಸಂದೇಶವು ನಿಶ್ಚಯವಾಗಿ ಮುಟ್ಟುವಂತೆ ಆರ್‌ಎಫ್‌ಸಿ ೩೧೯೫ ಎಂಬ ವಿಧಿಪತ್ರವು ಬಂದಿತು. ಗುಣದಲ್ಲಿ ಇದು ಮೊದಲಿನದಕ್ಕಿಂತ ಮೇಲು. ಆದರೆ ರಚನೆ ಜಟಿಲವಾದುದರಿಂದ ಬಳಕೆಗೆ ಬರಲಿಲ್ಲ. ೨೦೦೯ರ ಮಾರ್ಚ್ ತಿಂಗಳಲ್ಲಿ ಆರ್‌ಎಫ್‌ಸಿ ೫೪೨೪ ಪ್ರಕಟವಾಗಿ ೩೧೬೪ರ ಸ್ಥಾನವನ್ನು ಪಡೆಯಿತು. ಇದರಲ್ಲಿ ವರ್ಷವೂ ಕಾಲವಲಯವೂ ಸೇರಿದುವು. ಜೊತೆಗೆ ಬಂದ ೫೪೨೫ರಿಂದ ಸಂದೇಶಗಳನ್ನು ಗೂಢಲಿಪಿಯ ರಕ್ಷಣೆಯಲ್ಲಿ ಕಳುಹಿಸುವ ಕ್ರಮ ಏರ್ಪಟ್ಟಿತು. ಆದರೂ ಜಾಲದ ಸಾಧನಗಳು ಅನೇಕವು ೩೧೬೪ರ ಹಳೆಯ ರೂಪದಲ್ಲಿಯೇ ಇಂದಿಗೂ ಮಾತನಾಡುತ್ತಿವೆ. ಲಕ್ಷಣಗ್ರಂಥವನ್ನು ಬದಲಿಸಿದ ಮಾತ್ರಕ್ಕೆ ಆಡುಮಾತು ಬದಲಾಗದೆಂಬುದು ಇದರಿಂದ ವಿದಿತವಾಗುತ್ತದೆ. ಯಾವ ಉಪಕರಣವನ್ನಾದರೂ ವಿಸರ್ಜಿಸುವವನು ಮೊದಲು ತಿಳಿಯಬೇಕಾದ ತತ್ತ್ವವಿದು.

೪. ಶಾಖಾಭೇದಗಳು

ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿ ಬರ್ಕ್‌ಲಿಯ ಸಿಸ್‌ಲಾಗ್‌ಡಿಯನ್ನು ಅಳವಡಿಸಿ, ಕರ್ನೆಲಿನ ಸಂದೇಶಗಳನ್ನು ಓದುವ ಕೆಲ್ಲಾಗ್‌ಡಿ ಎಂಬ ಇನ್ನೊಂದನ್ನು ಅದಕ್ಕೆ ಜೋಡಿಸಿ, ಸಿಸ್‌ಕೆಲ್ಲಾಗ್‌ಡಿ ಎಂಬ ಜಂಟಿ ಉಪಕರಣವನ್ನು ಮಾಡಿದರು. ಗ್ರೆಗ್ ವೆಟ್‌ಸ್ಟೈನ್ ಮತ್ತು ಮಾರ್ಟಿನ್ ಶುಲ್ಟ್ಸ ಎಂಬವರು ಇದರ ಮುಖ್ಯ ಪಾಲಕರು. ಬಹುಕಾಲ ಪ್ರಧಾನ ಲಿನಕ್ಸ್ ವಿತರಣೆಗಳಲ್ಲಿ ಇದೇ ನಿಯತವಾಗಿದ್ದಿತು.

೧೯೯೮ರಲ್ಲಿ ಹಂಗೆರಿ ದೇಶದ ಬಲಾಜ್ ಶೈಡ್ಲರ್ ಎಂಬಾತನು ಸಿಸ್‌ಲಾಗ್-ಎನ್‌ಜಿ ಎಂಬ ಹೊಸ ಶಾಖೆಯನ್ನು ಆರಂಭಿಸಿದನು. ೨೦೦೪ರಲ್ಲಿ ಜರ್ಮನಿಯ ರೈನರ್ ಗೆರ್ಹಾರ್ಡ್ಸ್ ಸಿಸ್‌ಕೆಲ್ಲಾಗ್‌ಡಿಯ ಮೂಲಪಾಠವನ್ನೇ ತೆಗೆದುಕೊಂಡು ಆರ್‌ಸಿಸ್‌ಲಾಗ್ ಎಂಬುದನ್ನು ಬೆಳೆಸಿದನು. ಈತನೇ ಮೇಲೆ ಹೇಳಿದ ಆರ್‌ಎಫ್‌ಸಿ ೫೪೨೪ರ ಕರ್ತೃ. ಹಳೆಯ ವಿನ್ಯಾಸಕಡತವನ್ನು ಓದುವ ಶಕ್ತಿಯನ್ನು ಆತನು ಕೈಬಿಡಲಿಲ್ಲ. ಹಳೆಯ ಕ್ರಮದಲ್ಲಿ ದೂರದ ಯಂತ್ರದ ಹೆಸರಿನ ಹಿಂದೆ ‘@’ ಎಂಬ ಚಿಹ್ನೆಯನ್ನು ಒಮ್ಮೆ ಬರೆದರೆ ರಸೀದಿಯಿಲ್ಲದ ಯುಡಿಪಿಯಲ್ಲಿ ರವಾನೆ. ಹೊಸದರಲ್ಲಿ ಅದನ್ನೇ ಎರಡು ಸಲ ಬರೆದರೆ ಹೆಚ್ಚು ನಂಬಿಕೆಯ ಟಿಸಿಪಿಯಲ್ಲಿ ರವಾನೆ. ಹಳೆಯ ವಾಕ್ಯವು ಕೆಡದೆ ಹೊಸ ಅರ್ಥಕ್ಕೆ ಎಡೆಯಾಯಿತು. ಟಿಸಿಪಿಯಲ್ಲಿಯೂ ಸಂಪರ್ಕ ಕಡಿದಾಗ, ಕಳುಹಿಸಿದ್ದಾಯಿತೆಂದು ಎಣಿಸಿದ ಸಂದೇಶಗಳು ನಡುವೆ ನಷ್ಟವಾಗಬಹುದು. ಅದನ್ನು ಕಂಡು ಪ್ರತಿ ಸಂದೇಶಕ್ಕೂ ಸ್ವೀಕಾರಪತ್ರವನ್ನು ಕೇಳುವ ರೆಲ್ಪ್ ಎಂಬ ಕ್ರಮವನ್ನೂ ಆತನೇ ರಚಿಸಿದನು.

ಫಲವು ಬೇಗನೆ ಕಂಡಿತು. ೨೦೦೭ರಲ್ಲಿ ಫೆಡೋರಾ ೮, ೨೦೦೯ರಲ್ಲಿ ಡೆಬಿಯನ್ ೫, ಅದೇ ವರ್ಷ ಉಬುಂಟು ೯.೧೦ ಸಿಸ್‌ಕೆಲ್ಲಾಗ್‌ಡಿಯ ಸ್ಥಾನದಲ್ಲಿ ಆರ್‌ಸಿಸ್‌ಲಾಗನ್ನು ಇರಿಸಿದುವು. ಸಿಸ್‌ಕೆಲ್ಲಾಗ್‌ಡಿಯನ್ನು ಯಾರೂ ವಿಧಿಪೂರ್ವಕವಾಗಿ ವಿಸರ್ಜಿಸಲಿಲ್ಲ, ೨೦೦೭ರ ೧.೫ನೆಯ ಆವೃತ್ತಿಯ ತರುವಾಯ ಅದು ಮೌನವಾಯಿತು. ಆದರೆ ಹಳೆಯ ಯಂತ್ರಗಳಲ್ಲಿ ಅದು ನಡೆಯುತ್ತಲೇ ಇದ್ದಿತು.

೫. ಪ್ರತಿಯಿಂದ ಪ್ರತಿಗೆ ಇಳಿದ ದೋಷ

ಈ ಮೌನದ ಬೆಲೆ ೨೦೧೪ರಲ್ಲಿ ತಿಳಿದುಬಂದಿತು. ತಲೆಸಂಖ್ಯೆ ೧೯೧ನ್ನು ಮೀರಲಾರದೆಂದು ಮೇಲೆ ಹೇಳಿದೆಯಷ್ಟೆ. ಆದರೆ ಮೀರಲಾರದೆಂಬುದು ಲಕ್ಷಣದ ಮಾತು. ದುಷ್ಟನಾದವನು ಬೇಕೆಂದೇ ಮೀರಿದ ಸಂಖ್ಯೆಯನ್ನು ಬರೆದು ಕಳುಹಿಸಬಹುದು. ಅಂತಹ ಸಂಖ್ಯೆ ಬಂದರೆ ತಿರಸ್ಕರಿಸಬೇಕೆಂಬ ಪರೀಕ್ಷೆಯು ಆರ್‌ಸಿಸ್‌ಲಾಗಿನಲ್ಲಿ ಸರಿಯಾಗಿರಲಿಲ್ಲ. ಪ್ರೋಗ್ರಾಂ ತನ್ನ ಪಟ್ಟಿಯ ಎಲ್ಲೆಯಾಚೆಗೆ ಕೈಚಾಚಿ ಕುಸಿಯುವ ಸಂಭವವಿದ್ದಿತು. ಗೆರ್ಹಾರ್ಡ್ಸನೇ ಈ ದೋಷವನ್ನು ಕಂಡು ಪ್ರಕಟಿಸಿದನು. ಅದಕ್ಕೆ ಸಿವಿಇ-೨೦೧೪-೩೬೩೪ ಎಂಬ ಸಂಖ್ಯೆ ದೊರೆಯಿತು. ಮೊದಲ ತಿದ್ದುಪಡಿ ಅಪೂರ್ಣವಾಗಿದ್ದು, ಅತಿದೊಡ್ಡ ಸಂಖ್ಯೆಗಳ ವಿಷಯದಲ್ಲಿ ದೋಷವು ಉಳಿದುದರಿಂದ ಸಿವಿಇ-೨೦೧೪-೩೬೮೩ ಎಂಬ ಎರಡನೆಯ ಸಂಖ್ಯೆಯೂ ಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಅದೇ ದೋಷವು ಸಿಸ್‌ಕೆಲ್ಲಾಗ್‌ಡಿಯಲ್ಲಿಯೂ ಇದ್ದಿತು. ಓಲೆಯ ಪ್ರತಿಗಳನ್ನು ಶೋಧಿಸುವವರು, ಎರಡು ಪ್ರತಿಗಳಲ್ಲಿ ಒಂದೇ ವಿಧವಾದ ತಪ್ಪು ಕಂಡರೆ ಎರಡಕ್ಕೂ ಒಂದೇ ಮಾತೃಕೆಯೆಂದು ಊಹಿಸುವರು. ಇಲ್ಲಿ ಮಾತೃಕೆ ಯಾವುದೆಂಬುದು ಮೊದಲೇ ಗೊತ್ತಿದ್ದಿತು; ಮಗನ ಮೈಯಲ್ಲಿ ಕಂಡ ರೋಗವನ್ನು ತಾಯಿಯಲ್ಲಿಯೂ ಪರೀಕ್ಷಿಸುವುದಕ್ಕೆ ಆ ಅರಿವೇ ಕಾರಣವಾಯಿತು. ಅದೇ ವರ್ಷ ೧.೫.೧ ಎಂಬ ಸಿಸ್‌ಕೆಲ್ಲಾಗ್‌ಡಿಯ ಆವೃತ್ತಿ ಈ ತಿದ್ದುಪಡಿಯೊಡನೆ ಹೊರಬಂದಿತು. ಜೀವಂತ ಶಾಖೆಯ ಪಾಲಕನು ಹುಡುಕದಿದ್ದರೆ ಮೌನವಾದ ಶಾಖೆಯ ದೋಷವನ್ನು ಹುಡುಕುವವರು ಯಾರು? ಉಪೇಕ್ಷಿತವಾದ ಉಪಕರಣದಲ್ಲಿ ದೋಷಗಳು ಹುಟ್ಟುವುದಿಲ್ಲವೆಂದಲ್ಲ, ಕಾಣುವುದಿಲ್ಲವೆಂದು ಮಾತ್ರ.

೬. ಜೀರ್ಣೋದ್ಧಾರದ ಒಂದು ನಿದರ್ಶನ

ಸಿಸ್‌ಕೆಲ್ಲಾಗ್‌ಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೯ರಲ್ಲಿ ಹೊಸ ಪಾಲಕನೊಬ್ಬನ ಕೈಯಲ್ಲಿ ೨.೦ನೆಯ ಆವೃತ್ತಿ ಪ್ರಕಟವಾಯಿತು. ಈ ಜೀರ್ಣೋದ್ಧಾರದ ಕ್ರಮ ವಿಚಾರಾರ್ಹವಾದುದು. ಶಿಥಿಲವಾದ ಭಾಗಕ್ಕೆ ಬೇಕಾದ ಕಲ್ಲನ್ನು ಹೊಸದಾಗಿ ಕಡೆಯಿಸಲಿಲ್ಲ. ಬರ್ಕ್‌ಲಿಯ ಅದೇ ಮೂಲದಿಂದ ಬಂದು ಅವಿಚ್ಛಿನ್ನವಾಗಿ ಪಾಲಿತವಾಗಿದ್ದ ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ ಎಂಬ ಸೋದರಶಾಖೆಗಳಿಂದ ಶುದ್ಧಪಾಠವನ್ನು ತಂದು ಸೇರಿಸಿದರು. ಅದರಿಂದ ೩೧೬೪ರ ಹಳೆಯ ರೂಪವೂ ೫೪೨೪ರ ಹೊಸ ರೂಪವೂ ಒಂದೆಡೆ ದೊರೆತುವು. ಇದರೊಡನೆ ಕೆಲ್ಲಾಗ್‌ಡಿಯನ್ನು ತೆಗೆದುಹಾಕಿ ಅದರ ಕೆಲಸವನ್ನು ಸಿಸ್‌ಲಾಗ್‌ಡಿಗೇ ವಹಿಸಿದರು. ಹೆಸರಿನಲ್ಲಿದ್ದ ಕಕಾರಕ್ಕೆ ಕಾರಣವಾದ ಅಂಗವೇ ಹೋಯಿತು. ಹೆಸರು ಮಾತ್ರ ಉಳಿಯಿತು.

ಇದರಿಂದ ಒಂದು ಸಂಗತಿ ಸಿದ್ಧವಾಗುತ್ತದೆ: ಜೀರ್ಣೋದ್ಧಾರವೂ ವಿಸರ್ಜನೆಯೂ ಪರಸ್ಪರ ವಿರುದ್ಧವಾದುವಲ್ಲ. ಒಳ್ಳೆಯ ಜೀರ್ಣೋದ್ಧಾರದ ಒಳಗೆಯೇ ಒಂದು ವಿಸರ್ಜನೆ ಅಡಗಿರುವುದು.

೭. ಜರ್ನಲ್ ಎಂಬ ನೂತನ ಮತ

೨೦೧೧ರ ನವೆಂಬರ್ ತಿಂಗಳಲ್ಲಿ ಲೆನಾರ್ಟ್ ಪ್ಯೋಟರಿಂಗ್ ಮತ್ತು ಕೇ ಸೀವರ್ಸ್ ಎಂಬವರು ಸಿಸ್ಟಂಡಿ ಎಂಬ ತಂತ್ರಾಂಶದ ಅಂಗವಾಗಿ ಜರ್ನಲ್ ಎಂಬ ಹೊಸ ಪದ್ಧತಿಯನ್ನು ಸಾರಿದರು. ಸಿಸ್‌ಲಾಗಿನ ಸಾಲುಗಳು ಕೇವಲ ಗದ್ಯ. ಬರೆದವನು ತಾನು ಇಂತಹವನೆಂದು ಹೇಳಿದುದನ್ನು ನಂಬಬೇಕಷ್ಟೆ ಎಂಬುದು ಅವರ ಆಕ್ಷೇಪ. ಜರ್ನಲಿನಲ್ಲಿ ಪ್ರತಿಯೊಂದು ಸಂದೇಶಕ್ಕೂ ಬರೆದವನ ಗುರುತನ್ನು ವ್ಯವಸ್ಥೆಯೇ ಸೇರಿಸುವುದು. ಬರಹವನ್ನು ಸೂಚಿಸಹಿತವಾದ ವಿಶೇಷರೂಪದ ಕಡತದಲ್ಲಿ ಇಡುವುದು. ಪ್ರತಿಪಕ್ಷದವರಾದರೋ, ಸಾಧಾರಣ ಸಾಧನಗಳಿಂದ ಓದಲಾಗದ ದಿನಚರಿಯು ಆಪತ್ಕಾಲದಲ್ಲಿ ಉಪಯೋಗಕ್ಕೆ ಬಾರದೆಂದು ವಾದಿಸಿದರು. ಎರಡು ಪಕ್ಷಗಳಲ್ಲಿಯೂ ಯುಕ್ತಿಯಿದೆ.

೨೦೧೩ರಲ್ಲಿ ಹೊರಬಂದ ಫೆಡೋರಾ ೨೦ರಲ್ಲಿಯೂ, ೨೦೨೩ರ ಡೆಬಿಯನ್ ೧೨ರಲ್ಲಿಯೂ ಆರ್‌ಸಿಸ್‌ಲಾಗ್ ತಾನಾಗಿ ಸ್ಥಾಪಿತವಾಗುವ ಪಟ್ಟಿಯಿಂದ ಹೊರಗಾಯಿತು. ಇದನ್ನು ವಿಸರ್ಜನೆಯೆಂದು ಭ್ರಮಿಸಬಾರದು. ಬೇಕಾದವರು ಅದನ್ನು ಕೇಳಿ ಪಡೆಯಬಹುದು. ಅದರ ಪಾಲನೆಯೂ ನಿಂತಿಲ್ಲ. ಇದು ಕೇವಲ ಪ್ರಾಧಾನ್ಯದ ಚ್ಯುತಿ.

ರವಾನೆಯ ವಿಷಯದಲ್ಲಿ ಮಾತ್ರ ಒಂದು ಅಂತರವುಳಿಯಿತು. ಜರ್ನಲಿನ ಬರಹಗಳನ್ನು ದೂರಕ್ಕೆ ಕಳುಹಿಸುವ ಜರ್ನಲ್-ಅಪ್‌ಲೋಡ್, ಅತ್ತ ಸ್ವೀಕರಿಸುವ ಜರ್ನಲ್-ರಿಮೋಟ್ ಎಂಬ ಉಪಕರಣಗಳು ೨೦೧೪ರಲ್ಲಿ ಬಂದುವು. ಇವು ತಮ್ಮದೇ ರೂಪದಲ್ಲಿ, ಜಾಲಪುಟಗಳು ಸಾಗುವ ಎಚ್‌ಟಿಟಿಪಿ ಮಾರ್ಗದಲ್ಲಿ ಮಾತನಾಡುತ್ತವೆ, ಸಿಸ್‌ಲಾಗಿನ ಭಾಷೆಯನ್ನಲ್ಲ. ಜರ್ನಲನ್ನು ಓದಿ ಸಿಸ್‌ಲಾಗಿನ ಭಾಷೆಗೆ ತಿರುಗಿಸಿ ಕಳುಹಿಸುವ ದುಭಾಷಿಯಾಗಿ ಸಿಸ್ಟಂಡಿ-ನೆಟ್‌ಲಾಗ್‌ಡಿ ಎಂಬುದು ಹುಟ್ಟಿತು. ಅದು ಮುಖ್ಯ ಗ್ರಂಥದೊಳಗೆ ಸೇರದೆ ಪ್ರತ್ಯೇಕವಾಗಿಯೇ ಉಳಿದಿದೆ. ದುಭಾಷಿಯ ಸ್ಥಿತಿ ಎಲ್ಲೆಡೆಯೂ ಹೀಗೆಯೇ: ಎರಡು ಮನೆಗಳಿಗೂ ಬೇಕಾದವನು, ಆದರೆ ಯಾವ ಮನೆಯ ಕುಟುಂಬದ ಲೆಕ್ಕಕ್ಕೂ ಸೇರದವನು. ಇಂತಹ ಸಣ್ಣ ಉಪಕರಣಗಳೇ ಮೊದಲು ಉಪೇಕ್ಷೆಗೆ ಗುರಿಯಾಗತಕ್ಕವು.

೮. ವಿಧಿಪೂರ್ವಕವಾದ ವಿಸರ್ಜನೆ

ವಿಸರ್ಜನೆಯನ್ನು ಹೇಗೆ ಮಾಡಬೇಕೆಂಬುದಕ್ಕೂ ನಿದರ್ಶನಗಳಿವೆ. ಮೊದಲು ಲಂಬರ್‌ಜ್ಯಾಕ್ ಎಂದು ಕರೆಯಲ್ಪಟ್ಟು, ಬಳಿಕ ಲಾಗ್‌ಸ್ಟ್ಯಾಶ್-ಫಾರ್ವರ್ಡರ್ ಎಂಬ ಹೆಸರನ್ನು ತಾಳಿದ ಉಪಕರಣವು ೨೦೧೫ರಲ್ಲಿ ಫೈಲ್‌ಬೀಟ್ ಎಂಬುದಕ್ಕೆ ಸ್ಥಾನವನ್ನು ಬಿಟ್ಟುಕೊಟ್ಟಿತು. ಹೊಸದು ಹಳೆಯದರ ಮೂಲಪಾಠದ ಮೇಲೆಯೇ ನಿಂತುದು. ಹಳೆಯದರಿಂದ ಹೊಸದಕ್ಕೆ ಸಾಗುವ ಮಾರ್ಗವನ್ನು ವಿವರಿಸುವ ಬರಹವೂ ಪ್ರಕಟವಾಯಿತು. ಗ್ರಫಾನಾ ಸಂಸ್ಥೆಯ ಪ್ರಾಮ್‌ಟೇಲ್ ಎಂಬ ಉಪಕರಣದ ವಿಷಯದಲ್ಲಿ ಈ ವಿಧಿ ಇನ್ನೂ ಪೂರ್ಣವಾಗಿ ಕಾಣುತ್ತದೆ. ೨೦೨೫ರ ಫೆಬ್ರುವರಿಯಲ್ಲಿ ಅದನ್ನು ಕೇವಲ ದೋಷಪರಿಹಾರದ ಅವಸ್ಥೆಗೆ ಇಳಿಸಿ, ೨೦೨೬ರ ಮಾರ್ಚ್ ತಿಂಗಳನ್ನು ಅದರ ಅಂತ್ಯವೆಂದು ಮುಂಗಡವಾಗಿ ಸಾರಿ, ಉತ್ತರಾಧಿಕಾರಿಯಾಗಿ ಅಲಾಯ್ ಎಂಬುದನ್ನು ನಿಯಮಿಸಿದರು. ಹಳೆಯ ವಿನ್ಯಾಸಕಡತವನ್ನು ಹೊಸ ರೂಪಕ್ಕೆ ಪರಿವರ್ತಿಸುವ ಸಾಧನವನ್ನೂ ಒದಗಿಸಿದರು.

ಮುಂಗಡ ಪ್ರಕಟನೆ, ಉತ್ತರಾಧಿಕಾರಿಯ ನಿಯೋಗ, ಸಾಗಣೆಯ ಮಾರ್ಗ, ನಡುವಣ ಕಾಲದಲ್ಲಿ ದೋಷಪರಿಹಾರ – ಇವು ನಾಲ್ಕೂ ವಿಸರ್ಜನೆಯ ಅಂಗಗಳು. ಒಂದು ಊನವಾದರೂ ಬಳಸುವವನ ದಿನಚರಿಯಲ್ಲಿ ಕೆಲವು ಪುಟಗಳು ಖಾಲಿಯಾಗುವುವು. ಆ ಪುಟಗಳು ಯಾವುವೆಂಬುದು ಬೇಕಾದ ದಿನದಲ್ಲಿಯೇ ತಿಳಿಯುವುದು.

೯. ಪೂರ್ವಪಕ್ಷವೂ ಸಿದ್ಧಾಂತವೂ

ಇಲ್ಲಿ ಪೂರ್ವಪಕ್ಷವೊಂದುಂಟು. ನಡೆಯುತ್ತಿರುವ ಉಪಕರಣವನ್ನು ನಡೆಯುವವರೆಗೆ ನಡೆಯಬಿಡುವುದೇ ಲೇಸು, ಮುಟ್ಟಿದರೆ ಕೆಡಬಹುದು, ಪಾಲಕನಿಲ್ಲದಿದ್ದರೇನು, ಮೂಲಪಾಠವು ತೆರೆದಿದೆಯಷ್ಟೆ, ಬೇಕಾದವನು ಬೇಕಾದಾಗ ತಿದ್ದಿಕೊಳ್ಳುವನು ಎಂದು.

ಇದಕ್ಕೆ ಉತ್ತರವನ್ನು ೨೦೨೪ರ ಒಂದು ಘಟನೆಯೇ ಕೊಡುತ್ತದೆ. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಸಂಕೋಚಗೊಳಿಸುವ ಮುಕ್ತ ತಂತ್ರಾಂಶ. ಬಹುಕಾಲ ಒಬ್ಬನೇ ಪಾಲಕನು ಅದನ್ನು ನೋಡಿಕೊಳ್ಳುತ್ತಿದ್ದನು. ೨೦೨೨ರಲ್ಲಿ, ಕೆಲಸ ನಿಧಾನವಾಗುತ್ತಿದೆ, ಬೇರೊಬ್ಬನಿಗೆ ಅಧಿಕಾರ ಕೊಡಬೇಕೆಂದು ಕೆಲವು ಅಪರಿಚಿತ ಹೆಸರುಗಳಿಂದ ಒತ್ತಾಯ ಬಂದಿತು. ಜಿಯಾ ಟಾನ್ ಎಂಬ ಹೆಸರಿನಿಂದ ಸಹಾಯಕ್ಕೆ ಬಂದವರು ಯಾರೋ, ಕ್ರಮವಾಗಿ ನಂಬಿಕೆಯನ್ನು ಗಳಿಸಿ, ೨೦೨೪ರ ೫.೬.೦ ಮತ್ತು ೫.೬.೧ನೆಯ ಆವೃತ್ತಿಗಳಲ್ಲಿ ಗುಪ್ತದ್ವಾರವೊಂದನ್ನು ಅಡಗಿಸಿದರು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನು, ದೂರಪ್ರವೇಶದ ಎಸ್‌ಎಸ್‌ಎಚ್ ಪ್ರೋಗ್ರಾಂ ಅರ್ಧ ಸೆಕೆಂಡಿನಷ್ಟು ತಡಮಾಡುತ್ತಿರುವುದನ್ನು ಕಂಡು ಶೋಧಿಸಿ, ಮಾರ್ಚ್ ೨೯ರಂದು ಇದನ್ನು ಬಯಲುಮಾಡಿದನು.

ಸಂಕೋಚದ ತಂತ್ರಾಂಶಕ್ಕೂ ಪ್ರವೇಶದ ಪ್ರೋಗ್ರಾಮಿಗೂ ಸಂಬಂಧವೇನೆಂದರೆ, ನಡುವಣ ಕೊಂಡಿ ಲಾಗೇ. ಕೆಲವು ವಿತರಣೆಗಳು ಎಸ್‌ಎಸ್‌ಎಚ್ ಸೇವಕನಿಗೆ ಸಿಸ್ಟಂಡಿಯ ಗ್ರಂಥಾಲಯವನ್ನು ಜೋಡಿಸಿದ್ದುವು. ಸೇವೆಯು ಆರಂಭವಾಯಿತೆಂಬ ಒಂದು ಸೂಚನೆಯನ್ನು ಕೊಡಿಸುವುದೇ ಅದರ ಉದ್ದೇಶ. ಆ ಗ್ರಂಥಾಲಯವು ಜರ್ನಲಿನ ಸಂಕುಚಿತ ಬರಹಗಳನ್ನು ಓದುವ ಸಲುವಾಗಿ ಎಕ್ಸ್‌ಜೆಡ್‌ನ ಭಾಗವನ್ನು ಒಡನೆ ಕರೆತರುತ್ತಿದ್ದಿತು. ಹೀಗೆ ದಿನಚರಿಯ ಒಂದು ಮೂಲೆಯ ಮೂಲಕ ಮನೆಯ ಹೆಬ್ಬಾಗಿಲಿಗೆ ದಾರಿಯಾಯಿತು. ಅದೇ ವರ್ಷದ ಜೂನ್ ತಿಂಗಳ ಸಿಸ್ಟಂಡಿ ೨೫೬ನೆಯ ಆವೃತ್ತಿಯಲ್ಲಿ, ಇಂತಹ ಸಂಕೋಚಸಾಧನಗಳನ್ನು ಅಗತ್ಯ ಬಿದ್ದಾಗ ಮಾತ್ರ ಕರೆಯುವಂತೆ ಮಾರ್ಪಾಡು ಬಂದಿತು.

ಆದುದರಿಂದ ಮೂಲಪಾಠವು ತೆರೆದಿರುವುದು ಬೇರೆ, ಅದನ್ನು ಓದುವವನಿರುವುದು ಬೇರೆ. ಭಂಡಾರದಲ್ಲಿರುವ ಓಲೆಯ ಕಟ್ಟನ್ನು ಬಿಚ್ಚುವವನಿಲ್ಲದಿದ್ದರೆ ಅದನ್ನು ಓದುವುದು ಹುಳು ಮಾತ್ರ. ಪಾಲಕನಿಲ್ಲದ ಸ್ಥಾನವು ಶೂನ್ಯವಾಗಿಯೇ ಉಳಿಯುವುದಿಲ್ಲ. ಯೋಗ್ಯನು ಬಾರದಿದ್ದರೆ ಅಯೋಗ್ಯನು ಬರುವನು. ದಣಿದ ಪಾಲಕನನ್ನು ನಿಂದಿಸುವುದೂ ಸಲ್ಲದು. ಅವನು ವೇತನವಿಲ್ಲದೆ ಹೊತ್ತ ಭಾರದ ಮೇಲೆ ಲೋಕವೆಲ್ಲ ನಿಶ್ಚಿಂತೆಯಿಂದ ಮಲಗಿದ್ದಿತೆಂಬುದನ್ನು ಮರೆಯಬಾರದು.

ಮೇಲಿನ ವಿಚಾರದಿಂದ ಉಪಕರಣಗಳ ಅಳಿವು ಮೂರು ವಿಧವೆಂದು ನಿರ್ಣಯವಾಗುತ್ತದೆ: ಪ್ರಾಧಾನ್ಯಚ್ಯುತಿ, ವಿಸರ್ಜನೆ, ಉಪೇಕ್ಷೆ. ಡೆಬಿಯನ್ನಿನಲ್ಲಿ ಆರ್‌ಸಿಸ್‌ಲಾಗಿಗೆ ಬಂದುದು ಮೊದಲನೆಯದು. ಪ್ರಾಮ್‌ಟೇಲಿಗೆ ಬಂದುದು ಎರಡನೆಯದು. ೨೦೦೭ರ ತರುವಾಯ ಸಿಸ್‌ಕೆಲ್ಲಾಗ್‌ಡಿಗೆ ಬಂದುದು ಮೂರನೆಯದು. ಮೊದಲೆರಡರಲ್ಲಿ ಹಾನಿಯಿಲ್ಲ, ಮೂರನೆಯದರಲ್ಲಿ ಮಾತ್ರ ಅಪಾಯವಿದೆ. ಇತ್ತ ಜೀರ್ಣೋದ್ಧಾರವು ಯುಕ್ತವಾಗಬೇಕಾದರೆ ಮೂರು ಅಂಗಗಳು ಕೂಡಬೇಕು: ಆ ಉಪಕರಣವಲ್ಲದೆ ಬೇರೆ ನಡೆಸಲಾರದ ಕಾರ್ಯವಿರಬೇಕು, ಪಾಠವನ್ನು ತಿದ್ದಲು ಶುದ್ಧವಾದ ಆಕರವಿರಬೇಕು, ನಿತ್ಯವೂ ನೋಡಿಕೊಳ್ಳುವ ಪಾಲಕನಿರಬೇಕು. ಪಾಲಕನಿಲ್ಲದೆ ಉಳಿದೆರಡಿದ್ದರೂ ಫಲವಿಲ್ಲ. ಆಗ ವಿಸರ್ಜನೆಯೇ ಧರ್ಮ.

ಲಾಗ್ ಎಂಬುದು ಯಂತ್ರದ ಸಾಕ್ಷಿ. ಸಾಕ್ಷಿಯನ್ನು ನ್ಯಾಯಸ್ಥಾನಕ್ಕೆ ಕರೆತರುವ ಬಂಡಿಯು ಮುರಿದಿದ್ದರೆ ದುರಸ್ತಿ ಮಾಡಿಸಬೇಕು, ಇಲ್ಲವೆ ಬೇರೆ ಬಂಡಿಯನ್ನು ಹೂಡಬೇಕು. ಎರಡನ್ನೂ ಮಾಡದೆ ಸಾಕ್ಷಿಯು ಬಂದೇ ಬರುವನೆಂದು ನಂಬಿ ಕುಳಿತಿರುವುದು ಮಾತ್ರ ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.